ಅಜ್ಜನ ಹೆಸರಲ್ಲಿ ಹಕ್ಕುಪತ್ರ, ಪಾಲಿಕೆ ಬಜೆಟ್‌ನಲ್ಲಿ ಕೋಟಿಗಟ್ಟಲೆ ದುಡ್ಡು: ನಮ್ಮ ಮನೆ ಯಾವಾಗ?

ಪ್ರಶ್ನೆ: ಮೇಡಂ ನಮಸ್ತೆ. ನಮ್ಮದು ಒಂದು ಜಿಲ್ಲಾ ಕೇಂದ್ರ, ಮಹಾನಗರ ಪಾಲಿಕೆ ಇದೆ (ಊರಿನ ಹೆಸರು ದಯವಿಟ್ಟು ಹಾಕ್ಬೇಡಿ). ನಾನು ಬೈಕ್ ಗ್ಯಾರೇಜಲ್ಲಿ ಕೆಲಸ ಮಾಡ್ತೀನಿ, ಇನ್ನೂ ಮದುವೆ ಆಗಿಲ್ಲ. ಅಮ್ಮ ಮಾರ್ಕೆಟ್ ಹತ್ರ ಹೂ ಕಟ್ಟಿ ಮಾರ್ತಾರೆ, ಅಪ್ಪ ತೀರ್ಕೊಂಡು ಆರು ವರ್ಷ ಆಯ್ತು. 22 ಅಡಿ 30 ಅಡಿ ಜಾಗದಲ್ಲಿ ಇಟ್ಟಿಗೆ ಗೋಡೆಯ ಶೀಟ್ ಮನೆ, ಹಕ್ಕುಪತ್ರ ಇದೆ ಆದ್ರೆ ಅಜ್ಜನ ಹೆಸರಲ್ಲಿದೆ, ಅಜ್ಜನೂ ಇಲ್ಲ. ನಾವು ಎಸ್‌ಸಿ. 2018ರಲ್ಲಿ ಅಪ್ಪ ಮನೆಗೆ ಅರ್ಜಿ ಹಾಕಿದ್ರು, ಏನೂ ಆಗ್ಲಿಲ್ಲ. ಮೊನ್ನೆ ಪೇಪರಲ್ಲಿ ಪಾಲಿಕೆ ಬಜೆಟ್ ಪೂರ್ವಭಾವಿ ಸಭೆ ಅಂತ ನೋಟಿಸ್ ಬಂದಿತ್ತು. ಹೋದ ವರ್ಷದ ಬಜೆಟಲ್ಲೂ ಬಡವರಿಗೆ, ಕೊಳಗೇರಿಗೆ ಅಂತ ಕೋಟಿಗಟ್ಟಲೆ ಬರೆದಿದ್ರು, ಅದೆಲ್ಲ ಎಲ್ಲಿಗೆ ಹೋಯ್ತು? ನಮ್ಮ ಕಾಲೋನಿ ಲೀಡರ್ ಒಬ್ರು 20 ಸಾವಿರ ಕೊಡಿ ಈ ವರ್ಷದ ಲಿಸ್ಟಿಗೆ ಸೇರಿಸ್ತೀನಿ, ಹಳೇ ಮನೆ ಕೆಡವಿ ರೆಡಿ ಇಟ್ಕೊಳ್ಳಿ ಅಂತಿದ್ದಾರೆ. ಬೋರ್ಡಿನವರು ಕಟ್ಟೋ ಅಪಾರ್ಟ್‌ಮೆಂಟಿಗೆ ಹೋಗ್ಲಾ, ಸಾಲ ಮಾಡಿ ಕಟ್ಲಾ ಗೊತ್ತಾಗ್ತಿಲ್ಲ. ಮಳೆಗಾಲ ಬಂದ್ರೆ ಶೀಟ್ ಸೋರತ್ತೆ. ಏನು ಮಾಡ್ಲಿ?

ಉತ್ತರ: ಉಳಿದಿದ್ದೆಲ್ಲ ಆಮೇಲೆ ಓದಿದ್ರೂ ಪರ್ವಾಗಿಲ್ಲ, ಮೊದಲು ಇದನ್ನ ಕೇಳಿ. ಅಮ್ಮನ ಹೆಸರಲ್ಲಿ ಮಂಜೂರಾತಿ ಆಗಿ ಕೆಲಸ ಶುರು ಮಾಡಿ ಅಂತ ಆದೇಶ ಕೈಗೆ ಬರೋವರೆಗೆ ಮನೆಯ ಒಂದು ಇಟ್ಟಿಗೆನೂ ಅಲ್ಲಾಡಿಸ್ಬೇಡಿ. ಆ 20 ಸಾವಿರನೂ ಕೊಡಬೇಡಿ. ಯಾಕೆ ಅಂತ ಮುಂದೆ ಹೇಳ್ತೀನಿ.

ನಾನು 26 ವರ್ಷ ನಗರಸಭೆ, ಪಾಲಿಕೆಗಳಲ್ಲಿ ಸಮುದಾಯ ಸಂಘಟಕಿಯಾಗಿ ಕೆಲಸ ಮಾಡಿದೋಳು. ಕಾಲೋನಿ ಕಾಲೋನಿ ಸುತ್ತಿ ಅರ್ಜಿ ತುಂಬ್ಸೋದು, ಸರ್ವೆ ಮಾಡೋದು, ಫಲಾನುಭವಿಗಳ ಫೈಲ್ ಮಾಡೋದು ಇದೇ ನನ್ನ ಕೆಲಸ. ನೀವು ಕೇಳಿರೋದು ದುಡ್ಡಿನ ಬಗ್ಗೆ, ಆದ್ರೆ ನನ್ನ ಕಣ್ಣು ಹೋಗಿ ನಿಂತಿದ್ದು ಅಜ್ಜನ ಹೆಸರಲ್ಲಿರೋ ಹಕ್ಕುಪತ್ರದ ಮೇಲೆ. ನಾನು ನೋಡಿದ ಫೈಲುಗಳಲ್ಲಿ ದುಡ್ಡಿಲ್ಲದೆ ನಿಂತಿದ್ದಕ್ಕಿಂತ ಕಾಗದ ಸರಿ ಇಲ್ಲದೆ ನಿಂತಿದ್ದೇ ಜಾಸ್ತಿ.

ಆದ್ರೂ ದುಡ್ಡಿನ ಪ್ರಶ್ನೆಗೆ ಉತ್ತರ ಕೊಟ್ಟೇ ಮುಂದೆ ಹೋಗ್ತೀನಿ, ಯಾಕಂದ್ರೆ ಇದರ ಬಗ್ಗೆ ಕಾಲೋನಿಗಳಲ್ಲಿ ಇರೋಷ್ಟು ತಪ್ಪು ತಿಳುವಳಿಕೆ ಇನ್ಯಾವುದರ ಬಗ್ಗೆನೂ ಇಲ್ಲ. ಪಾಲಿಕೇಲಿ ಮನೆ ಕಟ್ಟಿಸೋಕೆ ಅಂತ ಒಂದು ದೊಡ್ಡ ಗಂಟು ಇರತ್ತೆ, ಅದನ್ನ ಕಮಿಷನರ್ರೋ ಕಾರ್ಪೊರೇಟರ್ರೋ ಬೇಕಾದವರಿಗೆ ಹಂಚ್ತಾರೆ ಅಂತ ಜನ ಅಂದ್ಕೊಂಡಿರ್ತಾರೆ. ನಿಜ ಏನಂದ್ರೆ ಮನೆ ದುಡ್ಡು ಬರೋ ಜೇಬುಗಳೇ ಬೇರೆ ಬೇರೆ, ಒಂದೊಂದು ಜೇಬಿಗೂ ಯಜಮಾನರು ಬೇರೆ. ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳೋರಿಗೆ ಪ್ರಧಾನ ಮಂತ್ರಿ ಆವಾಸ್ ನಗರ ಯೋಜನೆ, ಅದರಲ್ಲಿ ಕೇಂದ್ರದ ಪಾಲು ಒಂದೂವರೆ ಲಕ್ಷ, ಅದಕ್ಕೆ ರಾಜ್ಯದ ಪಾಲು ಸೇರತ್ತೆ. ರಾಜ್ಯದ ವಾಜಪೇಯಿ ನಗರ ವಸತಿ, ಡಾ. ಅಂಬೇಡ್ಕರ್ ನಿವಾಸ್ ಯೋಜನೆಗಳ ದುಡ್ಡು ರಾಜೀವ್ ಗಾಂಧಿ ವಸತಿ ನಿಗಮದಿಂದ ಬರತ್ತೆ, ಅದರ ಫಲಾನುಭವಿಗಳನ್ನ ಆರಿಸೋದು ಶಾಸಕರು ಅಧ್ಯಕ್ಷರಾಗಿರೋ ಆಶ್ರಯ ಸಮಿತಿ. ಘೋಷಿತ ಕೊಳಚೆ ಪ್ರದೇಶದಲ್ಲಿ ಬಹುಮಹಡಿ ಮನೆ ಕಟ್ಟೋದು ಕೊಳಗೇರಿ ಅಭಿವೃದ್ಧಿ ಮಂಡಳಿ, ಅಂದ್ರೆ ನೀವು ಬೋರ್ಡ್ ಅಂತ ಬರೆದಿದ್ದೀರಲ್ಲ ಅದು, ಅದಕ್ಕೆ 1973ರ ಕಾಯ್ದೆನೇ ಬೇರೆ ಇದೆ. ಪಾಲಿಕೆ ಇದರಲ್ಲೆಲ್ಲ ಅರ್ಜಿ ತಗೊಳ್ಳೋ, ಪರಿಶೀಲನೆ ಮಾಡೋ, ಮೇಲಕ್ಕೆ ಕಳಿಸೋ ಜಾಗ.

ಪಾಲಿಕೆದೇ ಅಂತ ಹೇಳಬಹುದಾದ ದುಡ್ಡು ಒಂದಿದೆ, ಅದನ್ನ ನಿಮ್ಮಂಥವರು ಕೇಳೋದೇ ಕಮ್ಮಿ. ಪಾಲಿಕೆ ಸ್ವಂತ ಆದಾಯ ಮತ್ತೆ ರಾಜ್ಯ ಹಣಕಾಸು ಆಯೋಗದ ಮುಕ್ತ ನಿಧಿ, ಎಸ್‌ಎಫ್‌ಸಿ ಅಂತಾರೆ, ಇದರಲ್ಲಿ ಶೇ 24.10ನ್ನ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಂತಲೇ ತೆಗೆದಿಡಬೇಕು. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಜಾತಿ ಶೇ 17.15, ಪಂಗಡ ಶೇ 6.95, ಎರಡೂ ಸೇರಿಸಿದ್ರೆ ಬರೋ ಲೆಕ್ಕನೇ ಅದು. ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಅಂತ ಬೇರೆ ಇದೆ. ಒಂದು ಕೋಟಿ ಅಂದ್ರೆ 24 ಲಕ್ಷದ 10 ಸಾವಿರ ನಿಮ್ಮಂಥ ಕಾಲೋನಿಗಳಿಗೆ ಹೋಗಬೇಕು. ಇದರಲ್ಲಿ ಒಂದು ಭಾಗ ರಸ್ತೆ, ಚರಂಡಿ, ಬೀದಿ ದೀಪ, ಸಮುದಾಯ ಭವನಕ್ಕೆ, ಇನ್ನೊಂದು ಭಾಗ ವೈಯಕ್ತಿಕ ಸೌಲಭ್ಯ ಅಂತ ಹೋಗತ್ತೆ. ಮಕ್ಕಳ ಓದಿಗೆ, ಚಿಕಿತ್ಸೆಗೆ, ಕೆಲವು ಕಡೆ ಮನೆ ರಿಪೇರಿಗೆ ಸಹಾಯಧನ ಹೀಗೆ.

ಹಾಗಾದ್ರೆ ಪೇಪರಲ್ಲಿ ಬಂದ ಕೋಟಿ ಎಲ್ಲಿ ಹೋಯ್ತು ಅಂದ್ರಾ? ಬಜೆಟ್ ಪುಸ್ತಕ ತೆರೆದು ನೋಡಿ, ಒಂದೊಂದು ಬಾಬ್ತಿನ ಮುಂದೆ ಮೂರು ಕಾಲಂ ಸಿಗತ್ತೆ. ಹಿಂದಿನ ವರ್ಷ ನಿಜವಾಗ್ಲೂ ಖರ್ಚಾಗಿದ್ದು, ಈ ವರ್ಷದ ಪರಿಷ್ಕೃತ ಅಂದಾಜು, ಬರೋ ವರ್ಷದ ಅಂದಾಜು. ಪೇಪರಲ್ಲಿ ಬರೋದು ಕೊನೇ ಕಾಲಂ ಮಾತ್ರ, ಅದು ಇನ್ನೂ ಬಂದಿರದ ದುಡ್ಡು. ತೆರಿಗೆ ಇಷ್ಟು ವಸೂಲಾಗಬಹುದು, ಸರ್ಕಾರದಿಂದ ಅನುದಾನ ಇಷ್ಟು ಬರಬಹುದು ಅಂತ ಹಾಕಿದ ಲೆಕ್ಕ, ಅದು ಬರ್ಲಿಲ್ಲ ಅಂದ್ರೆ ಖರ್ಚೂ ಇಲ್ಲ. ನೀವು ಬೆರಳಿಟ್ಟು ನೋಡಬೇಕಾಗಿದ್ದು ಮೊದಲನೇ ಕಾಲಂ. ಅಂದಾಜು ದೊಡ್ಡದಿದ್ದು ವಾಸ್ತವ ಸಣ್ಣದಿದ್ರೆ ಒಂದೋ ದುಡ್ಡು ಬಂದಿಲ್ಲ, ಇಲ್ಲಾಂದ್ರೆ ಬಂದ ದುಡ್ಡಿಗೆ ಕ್ರಿಯಾ ಯೋಜನೆ ಆಗದೆ ಬ್ಯಾಂಕಲ್ಲೇ ಕೂತಿದೆ. ಎರಡನೇದಾಗಿದ್ರೆ ಕೇಳೋ ಹಕ್ಕು ನಿಮಗಿದೆ, ಕೇಳಿದ್ರೆ ಪ್ರಯೋಜನನೂ ಇದೆ.

ಕ್ರಿಯಾ ಯೋಜನೆ ಅಂದ್ನಲ್ಲ, ಇಡೀ ವರ್ಷದಲ್ಲಿ ಬಡವರ ಕಾಲೋನಿಗೆ ಏನು ಸಿಗತ್ತೆ ಅನ್ನೋದು ತೀರ್ಮಾನ ಆಗೋದೇ ಅಲ್ಲಿ. ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಬಜೆಟ್ ಪೂರ್ವಭಾವಿ ಸಭೆಗಳಾಗತ್ತೆ, ಮಾರ್ಚ್ ಹೊತ್ತಿಗೆ ಬಜೆಟ್, ಆಮೇಲೆ ಅನುದಾನ ಎಷ್ಟು ಅಂತ ಗೊತ್ತಾದ ಮೇಲೆ ಯಾವ ವಾರ್ಡಲ್ಲಿ ಯಾವ ಕೆಲಸ, ಯಾರಿಗೆ ಯಾವ ಸೌಲಭ್ಯ ಅಂತ ಪಟ್ಟಿ ಮಾಡಿ, ಮಂಜೂರಾತಿ ತಗೊಂಡು, ಟೆಂಡರ್ ಕರೀತಾರೆ. ಜನ ಬಂದು ಕೇಳೋದು ಮಾತ್ರ ಮಳೆ ಹುಯ್ದು ಮನೆಗೆ ನೀರು ನುಗ್ಗಿದ ಮೇಲೆ, ಅಷ್ಟೊತ್ತಿಗೆ ಪಟ್ಟಿ ಮುಗಿದಿರತ್ತೆ. ಎಷ್ಟೋ ಸಲ ನಾನೇ ಜನರಿಗೆ ಮುಂದಿನ ವರ್ಷ ನೋಡೋಣ ಅಂತ ಹೇಳಿ ಕಳಿಸಿದೀನಿ, ಹೇಳುವಾಗ ಹೊಟ್ಟೆ ಉರಿಯೋದು.

ಒಂದು ಸಭೆ ನೆನಪಾಗತ್ತೆ, ಊರು ಬೇಡ. ಪಾಲಿಕೆ ಸಭಾಂಗಣದಲ್ಲಿ ನೂರೈವತ್ತು ಕುರ್ಚಿ, ಬಂದಿದ್ದು ಹದಿನೇಳು ಜನ, ಅದರಲ್ಲಿ ನಾಲ್ಕು ಜನ ಕಂಟ್ರಾಕ್ಟರು. ಮಾತಾಡಿದೋರೆಲ್ಲ ಪಾರ್ಕು, ವಾಕಿಂಗ್ ಪಾತ್, ಬೀದಿ ನಾಯಿ ಇದೇ. ಕೊನೇಲಿ ಹಿಂದಿನ ಸಾಲಿಂದ ಒಬ್ಬ ಅಜ್ಜಿ ಎದ್ದು ಮೊಮ್ಮಗಳ ನೋಟ್‌ಬುಕ್ ತಂದು ಮೇಜಿನ ಮೇಲೆ ಇಟ್ರು. ಪೆನ್ಸಿಲ್ಲಲ್ಲಿ ಗೆರೆ ಹಾಕಿ ಬರೆದಿತ್ತು: ಮನೆ 84, ನಲ್ಲಿ 31, ಶೌಚಾಲಯ ಇಲ್ಲದ ಮನೆ 19, ಉರಿಯೋ ಕಂಬ 3, ಉರಿಯದ ಕಂಬ 6. ಕೆಳಗೆ ಮನೆಗೊಬ್ಬರ ಸಹಿ, ಕೆಲವು ಹೆಬ್ಬೆಟ್ಟು. ಅಜ್ಜಿ ಒಂದು ಮಾತೂ ಆಡ್ಲಿಲ್ಲ. ಲೆಕ್ಕಾಧಿಕಾರಿ ಅದನ್ನ ಜೆರಾಕ್ಸ್ ಮಾಡಿಸಿ ನಡಾವಳಿ ಜೊತೆ ಲಗತ್ತಿಸಿದ್ರು. ಮುಂದಿನ ಶೇ 24.10ರ ಪಟ್ಟೀಲಿ ಆ ಕಾಲೋನಿಯ ಚರಂಡಿ ಮತ್ತು ದೀಪ ಎರಡೂ ಬಂತು. ಶೌಚಾಲಯಕ್ಕೆ ಇನ್ನೂ ಎರಡು ವರ್ಷ ಹಿಡೀತು ಅದು ಬೇರೆ ಮಾತು. ಆದ್ರೆ ಸಭೆಯ ನಡಾವಳೀಲಿ ಸೇರಿದ ಕಾಗದವನ್ನ ನೋಡೇ ಇಲ್ಲ ಅಂತ ಹೇಳೋದು ಯಾವ ಅಧಿಕಾರಿಗೂ ಕಷ್ಟ.

ಹಾಗಾಗಿ ನೀವು ನೋಡಿದ ಆ ನೋಟಿಸನ್ನ ಬಿಡಬೇಡಿ, ಹೋಗಿ. ಒಬ್ರೇ ಹೋಗಬೇಡಿ, ಕಾಲೋನಿಯಿಂದ ಹತ್ತು ಜನ ಹೋಗಿ, ಅದರಲ್ಲಿ ಹೆಂಗಸರು ಜಾಸ್ತಿ ಇರ್ಲಿ. ಬರವಣಿಗೇಲಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಮೈಸೂರು, ಶಿವಮೊಗ್ಗದಂಥ ಪಾಲಿಕೆಗಳಲ್ಲಿ 2023ರಲ್ಲಿ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಕೈಗೆ ಹೋಯ್ತು, ನಿಮ್ಮಲ್ಲೂ ಹಾಗೇ ಕಾರ್ಪೊರೇಟರ್ ಇಲ್ಲ ಅಂದ್ರೆ ಈ ಸಭೆ ಇನ್ನೂ ಮುಖ್ಯ, ನಿಮ್ಮ ವಾರ್ಡ್ ಪರವಾಗಿ ಕೂಗೋಕೆ ಬೇರೆ ಯಾರೂ ಇರಲ್ಲ. ಸಭೇಲಿ ನಿಮ್ಮೊಬ್ಬರ ಮನೆ ಕೇಳಬೇಡಿ, ಅಲ್ಲಿ ಅದು ಆಗೋ ಕೆಲಸ ಅಲ್ಲ. ಕಾಲೋನಿಗೆ ಬೇಕಾಗಿದ್ದು ಕೇಳಿ, ಜೊತೆಗೆ ಹಕ್ಕುಪತ್ರ, ಖಾತೆ ಸರಿ ಮಾಡಿಸೋಕೆ ನಮ್ಮ ಕಾಲೋನೀಲೇ ಒಂದು ದಿನ ಕ್ಯಾಂಪ್ ಮಾಡಿ ಅಂತ ಕೇಳಿ. ಪಾಲಿಕೆಗೆ ಅದಕ್ಕೆ ಖರ್ಚೇ ಇಲ್ಲ, ನಿಮಗೆ ಅದರಷ್ಟು ಉಪಯೋಗ ಇನ್ಯಾವುದರಿಂದಲೂ ಇಲ್ಲ.

ಈಗ ಅಜ್ಜನ ಹಕ್ಕುಪತ್ರಕ್ಕೆ ಬರೋಣ. ಅದನ್ನ ತೆಗೆದು ಮೇಲ್ಗಡೆ ಯಾವ ಕಚೇರಿ ಹೆಸರಿದೆ, ಕೆಳಗೆ ಯಾರ ಸೀಲ್ ಇದೆ ನೋಡಿ. ಕೊಳಗೇರಿ ಮಂಡಳಿ ಕೊಟ್ಟಿದ್ರೆ ಹೆಸರು ಬದಲಾವಣೆಗೆ ಮಂಡಳಿ ಕಚೇರಿಗೇ ಹೋಗಬೇಕು, ನಗರಸಭೆ ಅಥವಾ ಪಾಲಿಕೆಯಿಂದ ಆಶ್ರಯ ಯೋಜನೇಲಿ ಕೊಟ್ಟಿದ್ರೆ ಪಾಲಿಕೆ, ತಹಶೀಲ್ದಾರ್ 94 ಸಿಸಿಯಲ್ಲಿ, ಅಂದ್ರೆ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆ ಸಕ್ರಮ ಮಾಡೋ ಕಲಮಿನಲ್ಲಿ ಕೊಟ್ಟಿದ್ರೆ ತಾಲ್ಲೂಕು ಕಚೇರಿ. ಇದು ಗೊತ್ತಿಲ್ಲದೆ ತಪ್ಪು ಕಚೇರಿಗೆ ವರ್ಷಗಟ್ಟಲೆ ಅಲೆದೋರನ್ನ ನೋಡಿದೀನಿ. ಆಮೇಲೆ ಅಜ್ಜನ ಮರಣ ಪತ್ರ, ಅಪ್ಪನ ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ. ವಂಶವೃಕ್ಷದಲ್ಲಿ ಅಜ್ಜನ ಮಕ್ಕಳೆಲ್ಲರ ಹೆಸರು ಬರತ್ತೆ, ಮದುವೆ ಆಗಿ ಹೋದ ಅತ್ತೆಯರದ್ದೂ. ಹೆಣ್ಣುಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಮಾಡಿಸೋಣ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ, ಅವರಿಗೂ ಸಮ ಹಕ್ಕಿದೆ, ಆಮೇಲೆ ಒಂದು ತಕರಾರು ಅರ್ಜಿ ಬಿದ್ರೆ ಅರ್ಧ ಕಟ್ಟಿದ ಮನೆ ಹಾಗೇ ನಿಲ್ಲತ್ತೆ. ಚಿಕ್ಕಪ್ಪ, ಅತ್ತೆ ಎಲ್ಲರನ್ನೂ ಮನೆಗೆ ಕರೆದು ಕೂರಿಸಿ ಮಾತಾಡಿ, ಒಪ್ಪಿದ್ರೆ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸಿ, ಅಮ್ಮನ ಹೆಸರಿಗೆ ಪೌತಿ ಖಾತೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿ, ಇ-ಖಾತಾ ತಗೊಳ್ಳಿ. ಒಪ್ಪಲಿಲ್ಲ ಅಂದ್ರೆ ಮನೆ ಆಸೆ ಬಿಡಬೇಕು ಅಂತಲ್ಲ, ಆದ್ರೆ ಮೊದಲು ಅದನ್ನ ಬಗೆಹರಿಸ್ಕೊಂಡೇ ಮುಂದೆ ಹೋಗಿ.

ಅಪ್ಪನ 2018ರ ಅರ್ಜಿ ಬಗ್ಗೆ ನೇರವಾಗಿ ಹೇಳ್ತೀನಿ, ಅದನ್ನ ನಂಬ್ಕೊಂಡು ಕೂರಬೇಡಿ. ಅದು 2015ರಲ್ಲಿ ಶುರುವಾದ ಹಳೇ ಆವಾಸ್ ಯೋಜನೆ ಕಾಲದ್ದು, ಅದಕ್ಕೆ ಮೊದಲು ಇಟ್ಟ ಗಡುವು 2022ರ ಮಾರ್ಚ್, ಆಮೇಲೆ ಗಡುವು ಮುಂದೆ ಹೋಗಿದ್ದು ಅಷ್ಟರೊಳಗೆ ಮಂಜೂರಾದ ಮನೆಗಳನ್ನ ಮುಗಿಸೋಕೆ. 2024ರಲ್ಲಿ ಎರಡನೇ ಹಂತ ಬಂತು, ಐದು ವರ್ಷದಲ್ಲಿ ಒಂದು ಕೋಟಿ ಕುಟುಂಬ ಅನ್ನೋ ಗುರಿ. ಇದಕ್ಕೆ ಹೊಸದಾಗಿ ಅರ್ಜಿ ಹಾಕಬೇಕು. ವರ್ಷದ ಆದಾಯ 3 ಲಕ್ಷದ ಒಳಗೆ, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು, ಹಿಂದಿನ 20 ವರ್ಷದಲ್ಲಿ ಯಾವ ಸರ್ಕಾರಿ ವಸತಿ ಯೋಜನೆಯಲ್ಲೂ ಮನೆ ತಗೊಂಡಿರಬಾರದು. ನಿಮ್ಮಮ್ಮನ ಹೆಸರಲ್ಲೇ ಹಾಕಿ, ಮದುವೆ ಆಗದ ಮಗ ಅಮ್ಮನ ಕುಟುಂಬದಲ್ಲೇ ಲೆಕ್ಕ, ಹಾಗಾಗಿ ನಿಮ್ಮ ಸಂಬಳನೂ ಆದಾಯಕ್ಕೆ ಸೇರತ್ತೆ ಅದನ್ನ ಮುಚ್ಚಿಡಬೇಡಿ. ವಿಧವೆಯರಿಗೆ, ಪರಿಶಿಷ್ಟರಿಗೆ ಆದ್ಯತೆ ಇದೆ, ಬೀದಿ ಬದಿ ವ್ಯಾಪಾರಿಗಳ ಮೇಲೂ ವಿಶೇಷ ಗಮನ ಅಂತ ಮಾರ್ಗಸೂಚೀಲಿದೆ. ಅಮ್ಮನಿಗೆ ವ್ಯಾಪಾರಿ ಗುರುತಿನ ಚೀಟಿ ಇದೆಯಾ? ಇಲ್ದಿದ್ರೆ ಈ ವಾರನೇ ಪಾಲಿಕೇಲಿ ವಿಚಾರಿಸಿ, ಮನೆಗೂ ಉಪಯೋಗ, ನಾಳೆ ಮಾರ್ಕೆಟಲ್ಲಿ ಎಬ್ಬಿಸೋಕೆ ಬಂದ್ರೆ ಅದಕ್ಕೂ ಉಪಯೋಗ.

ಇನ್ನು ಯಾವ ದಾರಿ ಹಿಡೀಬೇಕು ಅನ್ನೋದು. ಖಾತೆ ಅಮ್ಮನ ಹೆಸರಿಗೆ ಆಗೋದಾದ್ರೆ ನಿಮ್ಮ ಜಾಗದಲ್ಲೇ ಕಟ್ಟಿಕೊಳ್ಳೋದು ನನ್ನ ಪ್ರಕಾರ ಒಳ್ಳೇದು. ಮನೆಯ ಒಳ ಅಳತೆ 30ರಿಂದ 45 ಚದರ ಮೀಟರ್ ಒಳಗಿರಬೇಕು, ಅಂದ್ರೆ ಸುಮಾರು ಮೂರೂಕಾಲು ಚದರದಿಂದ ಐದು ಚದರದೊಳಗೆ, ನಿಮ್ಮ ಜಾಗಕ್ಕೆ ಹೊಂದತ್ತೆ. ಕೇಂದ್ರ ರಾಜ್ಯ ಸೇರಿ ಎರಡೂವರೆ ಲಕ್ಷದ ಲೆಕ್ಕ ಇಟ್ಕೊಳ್ಳಿ. ಆದ್ರೆ ಅದರಲ್ಲಿ ಮನೆ ಆಗಲ್ಲ, ಮೇಸ್ತ್ರಿ ಹತ್ರ ಚದರಕ್ಕೆ ಎಷ್ಟು ಅಂತ ಕೇಳಿದ್ರೆ ನಿಮಗೇ ಗೊತ್ತಾಗತ್ತೆ, ಅರ್ಧಕ್ಕಿಂತ ಜಾಸ್ತಿ ನಿಮ್ಮ ಕೈಯಿಂದಲೇ ಹೋಗತ್ತೆ. ದುಡ್ಡೂ ಮುಂಗಡ ಬರಲ್ಲ. ಹಳೇ ಮನೆಯ ಫೋಟೋ, ತಳಪಾಯ, ಲಿಂಟಲ್, ಛಾವಣಿ, ಪೂರ್ತಿ ಆದ ಮೇಲೆ, ಹೀಗೆ ಹಂತ ಹಂತವಾಗಿ ಜಿಪಿಎಸ್ ಫೋಟೋ ತೆಗೆದ ಮೇಲೆ ಕಂತು ಬರತ್ತೆ, ಕೆಲವು ಸಲ ತಿಂಗಳುಗಟ್ಟಲೆ ತಡ ಆಗತ್ತೆ. ಅಷ್ಟು ದಿನ ಬಾಡಿಗೆ ಮನೆ ಖರ್ಚೂ ನಿಮ್ಮದೇ. ಹಾಗಾಗಿ ತಳಪಾಯದಿಂದ ಛಾವಣಿವರೆಗೆ ಹೋಗೋ ದುಡ್ಡು ಅಮ್ಮನ ಸಂಘದ ಸಾಲನೋ, ಚೀಟಿನೋ, ಎಲ್ಲಿಂದ ಅಂತ ಮೊದಲೇ ನೋಡ್ಕೊಂಡೇ ಕೈ ಹಾಕಿ.

ಮನೆ ಕೆಡವಬೇಡಿ ಅಂತ ಮೇಲೆ ಅಂದಿದ್ದು ಇದಕ್ಕೇ. ಮೊದಲನೇ ಫೋಟೋನೇ ಕೆಲಸ ಶುರು ಆಗೋ ಮುಂಚಿಂದು. ನಾನಿದ್ದ ಒಂದು ಊರಲ್ಲಿ ಒಬ್ಬ ಹೆಣ್ಣುಮಗಳು, ಹೋಟೆಲಲ್ಲಿ ಪಾತ್ರೆ ತೊಳೀತಿದ್ಲು, ಲಿಸ್ಟಲ್ಲಿ ನಿನ್ನ ಹೆಸರಿದೆ ಅಂತ ಯಾರೋ ಮೊಬೈಲಲ್ಲಿ ತೋರಿಸಿದ್ದಕ್ಕೆ ಅವತ್ತೇ ಶೀಟ್ ಇಳಿಸಿ ಗೋಡೆ ಒಡೆಸಿಬಿಟ್ಲು. ಪರಿಶೀಲನೇಲಿ ನೋಡಿದ್ರೆ ಖಾತೆ ತೀರಿಕೊಂಡ ಮಾವನ ಹೆಸರಲ್ಲಿ. ನಿಮ್ಮ ಕೇಸೇ. ಹೆಸರು ಬದಲಾಗಿ, ಮತ್ತೆ ಪಟ್ಟಿಗೆ ಸೇರಿ ಬರೋ ಹೊತ್ತಿಗೆ 14 ತಿಂಗಳು. ಎರಡು ಮಕ್ಕಳ ಜೊತೆ ಪಕ್ಕದ ಮನೆ ಜಗಲಿಗೆ ಟಾರ್ಪಲ್ ಕಟ್ಕೊಂಡು ಒಂದು ಮಳೆಗಾಲ ಕಳೆದ್ಲು. ನಾನು ಹೋದಾಗೆಲ್ಲ ಮಕ್ಕಳ ಪುಸ್ತಕ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ಮೇಲೆ ನೇತುಹಾಕಿರೋಳು. ಅಂಥದ್ದು ಇನ್ನೊಂದು ಮನೇಲಿ ಆಗಬಾರದು.

ಬೋರ್ಡಿನ ಅಪಾರ್ಟ್‌ಮೆಂಟ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಹಕ್ಕುಪತ್ರನೇ ಇಲ್ಲದೋರಿಗೆ, ರಾಜಕಾಲುವೆ ಅಂಚಲ್ಲಿರೋರಿಗೆ ಅದೇ ಆಸರೆ. ಮೊದಲು ಇದರಲ್ಲಿ ಫಲಾನುಭವಿ ಪಾಲು ಲಕ್ಷಗಟ್ಟಲೆ ಆಗಿ ಜನ ಕಟ್ಟೋಕಾಗದೆ ಎಷ್ಟೋ ಮನೆ ನಿಂತಿದ್ವು, ಆಮೇಲೆ ಫಲಾನುಭವಿ ಒಂದು ಲಕ್ಷ ಕೊಟ್ರೆ ಉಳಿದದ್ದು ತಾನೇ ಭರಿಸ್ತೀನಿ ಅಂತ ರಾಜ್ಯ ಸರ್ಕಾರ ಒಪ್ಪಿ, 2024ರ ಮಾರ್ಚ್‌ನಲ್ಲಿ 36 ಸಾವಿರಕ್ಕೂ ಹೆಚ್ಚು ಮನೆ ಹಂಚಿದ್ರು. ಆದ್ರೆ ನಿಮಗೆ 660 ಚದರಡಿ ಸ್ವಂತ ನೆಲ ಇದೆ. ಅದನ್ನ ಬಿಟ್ಟು ಮೂರನೇ ಮಹಡಿಗೆ ಹೋಗೋ ಮುಂಚೆ ಅಮ್ಮನ ಜೊತೆ ಒಂದು ಸಲ ಆ ಕಟ್ಟಡಕ್ಕೆ ಹೋಗಿ ಬನ್ನಿ. ಬೆಳಗಿನ ಜಾವ ಹೂ ಮಾರ್ಕೆಟಿಗೆ ಹೋಗೋಕೆ ಅಲ್ಲಿಂದ ಬಸ್ಸಿದೆಯಾ, ಬುಟ್ಟಿ ಹೊತ್ಕೊಂಡು ಮೆಟ್ಟಿಲು ಹತ್ತೋಕಾಗತ್ತಾ, ನೀರಿನ ಮೋಟರ್ ಕೆಟ್ರೆ ಯಾರು ರಿಪೇರಿ ಮಾಡಿಸ್ತಾರೆ, ಅಲ್ಲಿರೋರನ್ನೇ ಕೇಳಿ. ಈಗಿರೋ ಕಾಲೋನೀಲೇ ಕೆಡವಿ ಕಟ್ಟೋದಾದ್ರೆ ಅಷ್ಟು ದಿನ ಎಲ್ಲಿರಬೇಕು, ಬಾಡಿಗೆ ಯಾರು ಕೊಡ್ತಾರೆ, ಎಷ್ಟು ತಿಂಗಳು, ಇದನ್ನ ಬರವಣಿಗೇಲಿ ಕೇಳದೆ ಯಾವ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಬೇಡಿ.

ಇದೇ ಆವಾಸ್ ಯೋಜನೇಲಿ ಬ್ಯಾಂಕ್ ಸಾಲದ ದಾರೀಲೂ ಬಡ್ಡಿ ಸಹಾಯಧನ ಇದೆ, ಮೊದಲ 8 ಲಕ್ಷದ ಸಾಲಕ್ಕೆ ಶೇ 4, ಒಟ್ಟು 1 ಲಕ್ಷ 80 ಸಾವಿರದವರೆಗೆ ಐದು ಕಂತಲ್ಲಿ. ಆದ್ರೆ ಹಕ್ಕುಪತ್ರದ ಜಾಗಕ್ಕೆ ಬ್ಯಾಂಕಿನವರು ಸುಲಭಕ್ಕೆ ಸಾಲ ಕೊಡಲ್ಲ, ಗ್ಯಾರೇಜ್ ಸಂಬಳಕ್ಕೆ ಸ್ಲಿಪ್ಪೂ ಇರಲ್ಲ. ಅಲ್ಲಿ ಆಗಲ್ಲ ಅಂತ ಫೈನಾನ್ಸಿನವರ ಹತ್ರ ಹೋದ್ರೆ ಬಡ್ಡಿ ಕಟ್ಟೋದ್ರಲ್ಲೇ ಜೀವನ ಹೋಗತ್ತೆ. ಒಂದು ಕುಟುಂಬಕ್ಕೆ ಈ ಯೋಜನೆಯ ಒಂದೇ ದಾರಿ ಅನ್ನೋದೂ ನೆನಪಿರಲಿ, ಇದನ್ನ ತಗೊಂಡ್ರೆ ಮನೆ ಕಟ್ಟೋ ಸಹಾಯಧನ ಸಿಗಲ್ಲ. ನಿಮಗೆ ಇದು ಬೇಡ.

ಲೀಡರ್ ವಿಷಯ. ಅವರು ಹೇಳ್ತಿರೋದ್ರಲ್ಲಿ ಲಿಸ್ಟ್ ಅನ್ನೋದು ನಿಜ, ಆದ್ರೆ ಅರ್ಜಿಗೆ, ಪಟ್ಟಿಗೆ ಸೇರಿಸೋಕೆ ಫೀಸ್ ಅನ್ನೋದು ಎಲ್ಲೂ ಇಲ್ಲ. ಸಾಮಾನ್ಯವಾಗಿ ಆಗೋದೇನಂದ್ರೆ ಕಚೇರಿಯಿಂದ ಯಾರೆಲ್ಲರ ಹೆಸರು ಬರ್ತಿದೆ ಅಂತ ಮೊದಲೇ ತಿಳ್ಕೊಂಡು ಹತ್ತು ಮನೇಲಿ ದುಡ್ಡು ಎತ್ತಿರ್ತಾರೆ, ನಾಲ್ಕು ಮನೆಯವರದ್ದು ತಾನಾಗೇ ಆಗತ್ತೆ, ಅವರು ನಂಬ್ತಾರೆ, ಉಳಿದ ಆರು ಮನೆಯವರಿಗೆ ಮುಂದಿನ ಸಲ ಅಂತಾರೆ. ಅವರ ಜೊತೆ ಜಗಳ ಬೇಡ, ಅದೇ ಕಾಲೋನೀಲಿ ಬದುಕಬೇಕು ನೀವು. ಅರ್ಜಿ ಹಾಕಿದೀನಿ ಅಣ್ಣ, ಫಲಾನುಭವಿ ಕೋಡ್ ಬಂದ ಮೇಲೆ ನೋಡೋಣ ಅನ್ನಿ. ಆ ಕೋಡ್ ಇದ್ರೆ ಫೈಲ್ ಎಲ್ಲಿದೆ ಅಂತ ನೀವೇ ಆನ್‌ಲೈನಲ್ಲಿ ನೋಡಬಹುದು. ಜೊತೆಗೆ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ, 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ರೆ ಅದೂ ಬೇಡ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜೀಲಿ ಒಂದೇ ವಿಷಯ, 150 ಪದದೊಳಗೆ ಬರೀಬೇಕು, ಹಾಗಾಗಿ ಉದ್ದ ಬರೀಬೇಡಿ: ಕಳೆದ ಮೂರು ವರ್ಷದ ಶೇ 24.10ರ ಕ್ರಿಯಾ ಯೋಜನೆ, ನಮ್ಮ ವಾರ್ಡಿಗೆ ಮಂಜೂರಾದ ಕೆಲಸ, ಖರ್ಚಾದ ಮೊತ್ತ, ವೈಯಕ್ತಿಕ ಸೌಲಭ್ಯ ಪಡೆದವರ ಪಟ್ಟಿ, ಇಷ್ಟು ಸಾಕು. ಉತ್ತರ ಬಂದ್ರೆ ನಿಮ್ಮ ಕೋಟಿಗಟ್ಟಲೆ ಎಲ್ಲಿ ಹೋಯ್ತು ಅನ್ನೋ ಪ್ರಶ್ನೆಗೆ ನನಗಿಂತ ಚೆನ್ನಾಗಿ ಅದೇ ಹೇಳತ್ತೆ.

ಮಳೆಗಾಲಕ್ಕೆ ಏನು ಮಾಡೋದು ಅಂದ್ರಲ್ಲ. ಖಾತೆ, ಅರ್ಜಿ, ಮಂಜೂರಾತಿ ಎಲ್ಲ ಸೇರಿ ಈ ಮಳೆಗಾಲದೊಳಗೆ ಆಗೋ ಮಾತಲ್ಲ, ಆ ಆಸೆ ನಾನು ಹುಟ್ಟಿಸಲ್ಲ. ಆ 20 ಸಾವಿರ ಹೊಂದಿಸೋ ಶಕ್ತಿ ಇದ್ರೆ ಅದರಲ್ಲಿ ಒಡೆದಿರೋ ಶೀಟ್ ಬದಲಾಯಿಸಿ, ಗೋಡೆ ಮತ್ತೆ ಶೀಟ್ ಸೇರೋ ಕಡೆ ಸಿಮೆಂಟ್ ಹಾಕ್ಸಿ, ಹಾಸಿಗೆ ಇರೋ ಕಡೆ ಒಳಗಿಂದ ಟಾರ್ಪಲ್ ಕಟ್ಟಿ. ಅದೇ ಖರ್ಚಲ್ಲಿ ಒಂದು ರೂಮಿಗೆ ಮೋಲ್ಡ್ ಹಾಕ್ಸಿಬಿಡೋಣ ಅಂತ ಮೇಸ್ತ್ರಿ ಹೇಳಬಹುದು, ಈಗ ಬೇಡ. ಆರ್‌ಸಿಸಿ ಬಿದ್ರೆ ಸರ್ವೆಗೆ ಬಂದೋರು ಪಕ್ಕಾ ಮನೆ ಇದೆ ಅಂತ ಬರ್ಕೊಂಡು ಹೋಗ್ತಾರೆ. ಶೀಟ್ ಹಾಕೋಕೆ ಮುಂಚೆ, ಹಾಕಿದ ಮೇಲೆ ಒಂದೊಂದು ಫೋಟೋ ತೆಗೆದಿಟ್ಕೊಳ್ಳಿ, ಅಂಗಡಿ ಬಿಲ್ಲನ್ನ ಹಕ್ಕುಪತ್ರ ಇಟ್ಟಿರೋ ಕವರಲ್ಲೇ ಇಡಿ.